ಬೀನ್ಸ್ ಜಾಡಿಗೆ ಗಾಳಿ

“ಬೀನ್ಸಿಗೆ ಗಾಳಿ ಹೊಡೆದಿದ್ದೀರಾ? ಅಳಿಯಂದಿರೇ, ನಿಮ್ಮನ್ನೇ ಕೇಳ್ತಿರೋದು. ಬೀನ್ಸಿಗೆ ಯಾರಾದ್ರೂ ಗಾಳಿ ಹೊಡೀತಾರೇನ್ರೀ?”

“ಬೀನ್ಸಿಗೆ ಹೊಡೆದಿಲ್ಲ ಅತ್ತೆ. ಜಾಡಿಗೆ ಹೊಡೆದದ್ದು.”

“ಜಾಡಿ ಒಳಗೆ ಏನಿದೆ?”

“ಬೀನ್ಸು.”

“ಮತ್ತೆ?”

“ಪಕ್ಕದ್ದರಲ್ಲಿ ಕ್ಯಾರೆಟ್ಟು,” ಎಂದ ಟ್ಯೂಬಣ್ಣ. ಕೇಳದ ಪ್ರಶ್ನೆಗೂ ಉತ್ತರ ಕೊಟ್ಟು ಸಿಕ್ಕಿಬೀಳುವ ಪ್ರಾಮಾಣಿಕ ಅವನು.

“ಅಯ್ಯೋ ನನ್ನ ಕರ್ಮವೇ! ಕ್ಯಾರೆಟ್ಟಿಗೂ ಹೊಡೆದಿರಾ?”

“ಎಲ್ಲದಕ್ಕೂ ಹೊಡೆದಿದ್ದೀನಿ ಅತ್ತೆ. ಭೇದಭಾವ ಮಾಡಿಲ್ಲ.”

ಅತ್ತೆ ಕೈಯಲ್ಲಿದ್ದ ಖಾಲಿ ಜಾಡಿಯನ್ನು ಎತ್ತಿ ಹಿಡಿದು ಉಗ್ರಾಣದ ಕಿಟಕಿ ಗಾಜು ನಡುಗುವಂತೆ ಕೂಗಿದಳು. “ನಿಮ್ಮ ತಲೆ ಒಡೀಬೇಕು! ಇದೇ ಜಾಡೀಲಿ ನಿಮ್ಮ ತಲೆ ಒಡೀಬೇಕು!”

ಈ ಮಾತನ್ನು ಅತ್ತೆ ಆಡಬಾರದಿತ್ತು. ಆಡಲೇಬೇಕೆಂದಿದ್ದರೆ ಕಿಟಕಿ ಮುಚ್ಚಿ ಆಡಬೇಕಿತ್ತು. ಆ ಕಿಟಕಿ ಬೀದಿಗೆ ತೆರೆದಿತ್ತು. ಎದುರು ಮನೆಯ ಟೀಚರಮ್ಮ ಹಗ್ಗದ ಮೇಲೆ ಬೆಡ್‌ಶೀಟು ಹರವುತ್ತಿದ್ದವಳು ಹಾಗೇ ನಿಂತುಬಿಟ್ಟಳು. ಮೂವತ್ತು ಮಕ್ಕಳ ಗಲಾಟೆಯ ನಡುವೆ ಹಿಂದಿನ ಬೆಂಚಿನ ಪಿಸುಮಾತು ಹಿಡಿಯುವ ಕಿವಿ ಅವಳದು. ಇದಂತೂ ಪಿಸುಮಾತಲ್ಲ.

ಜಗಳದ ಮೂಲ ಹೇಳದೆ ಮುಂದೆ ಹೋದರೆ ಓದುವವರು ನನ್ನ ತಲೆಯನ್ನೇ ಒಡೆದಾರು. ಹೇಳಿಬಿಡುತ್ತೇನೆ.

ಆ ಊರಿನಲ್ಲಿ ಬೇಸಿಗೆ ಅಂದರೆ ನೆಂಟ, ಚಳಿ ಅಂದರೆ ಮನೆಯ ಯಜಮಾನ. ಚಳಿ ಬಂದು ಕೂತಿತೆಂದರೆ ದಾರಿ ಮುಚ್ಚುತ್ತದೆ, ಲಾರಿ ಬರುವುದಿಲ್ಲ. ಮಾರ್ಕೆಟ್ಟಿಗೆ ಹೋದರೆ ಸಿಗುವುದು ಮೊಳಕೆ ಬಂದ ಆಲೂಗಡ್ಡೆ ಮತ್ತು ಮಾರುವವನ ಕೆಮ್ಮು. ಅದಕ್ಕೇ ಬೇಸಿಗೆಯ ತರಕಾರಿಯನ್ನು ಉಪ್ಪುನೀರಿನಲ್ಲಿ ಜಾಡಿಗೆ ತುಂಬಿ ಇಡುತ್ತಾರೆ. ಎಲ್ಲರೂ ಇಡುತ್ತಾರೆ. ಆದರೆ ಟ್ಯೂಬಣ್ಣನ ಅತ್ತೆ ಇಟ್ಟ ಹಾಗೆ ಇಡುವವರಿಲ್ಲ. ಅವಳ ಜಾಡಿಯ ಬೀನ್ಸು ಕಡುಚಳಿಯಲ್ಲೂ ಕಚ್ಚಿದರೆ ಕಟಕ್ಕನ್ನುತ್ತಿತ್ತು. ಅವಳ ಸೌತೆಕಾಯಿ ತಿಂದು ಜ್ವರ ಬಿಟ್ಟವರಿದ್ದಾರೆ. ಜ್ವರ ತಾನಾಗಿ ಬಿಡುವುದಿತ್ತು ಎಂದು ಡಾಕ್ಟರು ಹೇಳುತ್ತಾರೆ, ಹೇಳಲಿ.

ಅತ್ತೆಗೆ ಇಬ್ಬರು ಹೆಣ್ಣುಮಕ್ಕಳು. ಕಿರಿಯಳ ಗಂಡನಿಗೆ, ಅಂದರೆ ಟ್ಯೂಬಣ್ಣನ ಷಡ್ಡಕನಿಗೆ, ಪಕ್ಕದ ಊರಿನಲ್ಲಿ ಎರಡಂತಸ್ತಿನ ಮನೆ. “ಅಮ್ಮಾ, ಇಲ್ಲಿಗೇ ಬಂದುಬಿಡು” ಅಂತ ಕಿರಿಯಳು ವರ್ಷವೆಲ್ಲ ಕರೆದಳು. ಅತ್ತೆ ಬರಲಿಲ್ಲ. “ದೊಡ್ಡವಳ ಮನೆಯ ಉಗ್ರಾಣ ತಂಪಾಗಿದೆ, ಅಳಿಯಂದಿರ ತಲೆಯೂ ತಂಪಾಗಿದೆ,” ಎಂದು ಹಿರಿಯಳ ಮನೆಗೇ ಇರಲು ಬಂದಳು. ಟ್ಯೂಬಣ್ಣನ ಹೆಂಡತಿ ಹಿಗ್ಗಿ ಹೀರೆಕಾಯಿಯಾದಳು. “ನೋಡಿ, ಅಮ್ಮನ ಮನಸ್ಸಿಗೆ ನೋವಾಗೋ ಹಾಗೆ ಏನೂ ಮಾಡ್ಬೇಡಿ. ಅಮ್ಮ ಇಲ್ಲೇ ಉಳೀಬೇಕು. ಅಷ್ಟೇ ನಾನು ನಿಮ್ಮನ್ನ ಕೇಳೋದು,” ಎಂದಳು.

“ನಾನು ಏನು ಮಾಡ್ತೀನೇ? ನಾನಾಯ್ತು, ನನ್ನ ಟ್ಯೂಬಾಯ್ತು,” ಎಂದ ಟ್ಯೂಬಣ್ಣ.

ಅನಾಹುತವೂ ಅಲ್ಲೇ ಇತ್ತು. ಟ್ಯೂಬಣ್ಣನದು ಪಂಕ್ಚರ್ ಅಂಗಡಿ. ಬಸ್ ಡಿಪೋದ ಗೇಟಿನ ಪಕ್ಕ, “ಇಲ್ಲಿ ಮುಚ್ಚಿದ್ದು ಸೋರುವುದಿಲ್ಲ” ಎಂಬ ಬೋರ್ಡಿನ ಕೆಳಗೆ, ಬೆಳಗಿನಿಂದ ಸಂಜೆಯವರೆಗೆ ಟ್ಯೂಬುಗಳನ್ನು ನೀರಿನ ತೊಟ್ಟಿಯಲ್ಲಿ ಅದ್ದಿ ಗುಳ್ಳೆ ಹುಡುಕುವುದು ಅವನ ಕೆಲಸ. ಅವನ ಪ್ರಪಂಚದಲ್ಲಿ ಗುಳ್ಳೆಗೆ ಒಂದೇ ಅರ್ಥ. ಗುಳ್ಳೆ ಬಂತೆಂದರೆ ತೂತಿದೆ. ತೂತಿದ್ದರೆ ಪ್ಯಾಚು. ಪ್ಯಾಚಾದ ಮೇಲೆ ಗಾಳಿ. ಲೋಕದಲ್ಲಿ ನಾಲ್ಕನೆಯ ಸಂಗತಿಯೊಂದಿದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

ಒಂದು ರಜೆಯ ದಿನ ತಾಯಿ ಮಗಳಿಬ್ಬರೂ ಮಾರ್ಕೆಟ್ಟಿಗೆ ಹೋಗಿದ್ದರು. ಸುತ್ತಿಗೆ ಹುಡುಕಲು ಉಗ್ರಾಣಕ್ಕೆ ಹೋದ ಟ್ಯೂಬಣ್ಣ ಹಲಗೆಯ ಮೇಲಿನ ಜಾಡಿಗಳನ್ನು ನೋಡಿ ನಿಂತಲ್ಲೇ ಕಲ್ಲಾದ. ಪ್ರತಿ ಜಾಡಿಯ ತಳದಿಂದಲೂ ಸಣ್ಣ ಸಣ್ಣ ಗುಳ್ಳೆಗಳು ಏಳುತ್ತಿದ್ದವು. ಬೀನ್ಸಿನ ಸಂದಿಯಿಂದ, ಹೂಕೋಸಿನ ಬುಡದಿಂದ, ಬೀಟ್‌ರೂಟಿನ ಬಿಲ್ಲೆಗಳ ನಡುವಿನಿಂದ. ತರಕಾರಿ ಹುಳಿ ಬರುವಾಗ ಗುಳ್ಳೆ ಬರುತ್ತದೆ, ಆ ಗಾಳಿ ಹೊರಗೆ ಹೋಗಲೆಂದೇ ಮುಚ್ಚಳ ಸಡಿಲವಾಗಿರುತ್ತದೆ ಎಂದು ಅತ್ತೆಯನ್ನು ಕೇಳಿದ್ದರೆ ಹೇಳುತ್ತಿದ್ದಳು. ಕೇಳಲು ಅತ್ತೆ ಇರಲಿಲ್ಲ. ಇದ್ದಿದ್ದರೂ ಅವನು ಕೇಳುತ್ತಿರಲಿಲ್ಲ. ಗುಳ್ಳೆಯ ವಿಷಯದಲ್ಲಿ ಅವನಿಗೆ ಹೇಳಿಕೊಡುವವರು ಯಾರು?

“ಎಲ್ಲವೂ ಪಂಕ್ಚರ್!” ಎಂದು ಅವನು ಬಾಯಿ ತೆರೆದ. ಮುಚ್ಚಳ ಮುಟ್ಟಿ ನೋಡಿದ. ಅಲ್ಲಾಡಿತು. ಇಲ್ಲಿ ಮುಚ್ಚಿದ್ದು ಸೋರುವುದಿಲ್ಲ ಎಂದು ಊರಿಗೆಲ್ಲ ಬೋರ್ಡು ಹಾಕಿದವನ ಸ್ವಂತ ಮನೆಯಲ್ಲಿ ಇಷ್ಟೊಂದು ಸೋರಿಕೆ! ಅತ್ತೆಗೆ ವಯಸ್ಸಾಯಿತು, ಕೈಯಲ್ಲಿ ಬಲವಿಲ್ಲ, ಮುಚ್ಚಳ ಬಿಗಿಯಲು ಆಗಿಲ್ಲ. ಪಾಪ, ಹೇಳಿದರೆ ನೊಂದುಕೊಳ್ಳುತ್ತಾಳೆ. ಸದ್ದಿಲ್ಲದೆ ರಿಪೇರಿ ಮಾಡಿಬಿಟ್ಟರೆ ಅವಳ ಮರ್ಯಾದೆಯೂ ಉಳಿಯುತ್ತದೆ, ಬೀನ್ಸೂ ಉಳಿಯುತ್ತದೆ.

ಅಂಗಡಿಗೆ ಓಡಿದ. ಹಳೆಯ ಟ್ಯೂಬಿನ ರಬ್ಬರು, ಅಂಟಿಸುವ ಸೊಲ್ಯೂಶನ್ನು, ಕಟ್ಟುವ ತಂತಿ, ಸೈಕಲ್ ವಾಲ್ವುಗಳು, ಪಂಪು ಎಲ್ಲ ಹೊತ್ತು ತಂದ. ಮುಚ್ಚಳಗಳಿಗೆ ತೂತು ಕೊರೆದು ವಾಲ್ವು ಕೂರಿಸಿದ. ಬಾಯಿಗೆ ರಬ್ಬರು ಸುತ್ತಿದ, ಸೊಲ್ಯೂಶನ್ ಬಳಿದ, ತಂತಿ ಬಿಗಿದ. ಆಮೇಲೆ, ಇಷ್ಟು ದಿನ ಸೋರಿಹೋದ ಗಾಳಿಯ ಲೆಕ್ಕಕ್ಕೆ ಪಂಪು ಹಚ್ಚಿ ಒಂದೊಂದಕ್ಕೂ ಗಾಳಿ ಹೊಡೆದ. ಸಾಕೋ ಇಲ್ಲವೋ ಎಂದು ಹೆಬ್ಬೆರಳಿನಿಂದ ಜಾಡಿಯನ್ನು ಒತ್ತಿ ನೋಡಿದ. ಗಟ್ಟಿಯಾಗಿತ್ತು. ಗಾಜು ಮೊದಲೂ ಗಟ್ಟಿಯಾಗೇ ಇತ್ತು ಎಂಬುದು ಅವನಿಗೆ ಹೊಳೆಯಲಿಲ್ಲ.

ಗುಳ್ಳೆ ನಿಂತಿತು. ಟ್ಯೂಬಣ್ಣ ಕೈ ಒರೆಸಿಕೊಂಡು, ಜಾಡಿಗಳ ಮುಂದೆ ಪರದೆ ಎಳೆದು ಬಂದ. ಯಾರಿಗೂ ತಿಳಿಯದಂತೆ ಉಪಕಾರ ಮಾಡುವ ಸುಖ ಅನುಭವಿಸಿದವನಿಗೇ ಗೊತ್ತು. ಉಪಕಾರಕ್ಕೆ ಒಳಗಾದವರಿಗೆ ಆಮೇಲೆ ಗೊತ್ತಾಗುತ್ತದೆ.

ಅತ್ತೆಗೆ ಗೊತ್ತಾದದ್ದು ಹುಳಿ ಬಂದಿದೆಯೇ ಎಂದು ರುಚಿ ನೋಡಲು ಪರದೆ ಸರಿಸಿದಾಗ. ಜಾಡಿಗಳು ಸಾಲಾಗಿ, ರಬ್ಬರಿನ ಪಟ್ಟಿ ಕಟ್ಟಿಕೊಂಡು, ತಲೆಯ ಮೇಲೆ ವಾಲ್ವು ನಿಗುರಿಸಿಕೊಂಡು, ಯುದ್ಧಕ್ಕೆ ಹೊರಟ ದಂಡಿನ ಹಾಗೆ ನಿಂತಿದ್ದವು. ಹುಳಿ ಬಂದದ್ದನ್ನು ತೆಗೆದಿಡಲು ತಂದಿದ್ದ ಖಾಲಿ ಜಾಡಿ ಅತ್ತೆಯ ಕೈಯಲ್ಲೇ ಉಳಿಯಿತು. ಬಾಯಿಂದ ಮೇಲೆ ಹೇಳಿದ ಜಗಳ ಹೊರಟಿತು.

“ಅದು ಉಸಿರಾಡ್ತಿತ್ತು ಕಣ್ರೀ! ಬಾಯಿಗೆ ಬಟ್ಟೆ ತುರುಕಿ ಮೂಗು ಹಿಡಿದಿದ್ದೀರಿ, ಮೇಲಿಂದ ಗಾಳಿ ಬೇರೆ! ಮೊದಲು ಬಿಚ್ಚಿ. ಮೆಲ್ಲಗೆ ಬಿಚ್ಚಿ.”

“ಮೆಲ್ಲಗೆ ಬಿಚ್ಚೋ ಪ್ರಶ್ನೆಯೇ ಇಲ್ಲ ಅತ್ತೆ. ನಾನು ಹಾಕಿದ ಪ್ಯಾಚು ಬಿಚ್ಚೋದಿಲ್ಲ,” ಎಂದು ಟ್ಯೂಬಣ್ಣ ಎದೆ ಮುಂದೆ ಮಾಡಿ, ಪ್ಯಾಚಿನ ಗಟ್ಟಿತನ ತೋರಿಸಲೆಂದು ಬೀಟ್‌ರೂಟಿನ ಜಾಡಿಯನ್ನು ಬೆರಳಿನಿಂದ ಟಣ್ ಎಂದು ಬಾರಿಸಿದ.

ಢಮಾರ್!

ಗಾಜೆಲ್ಲ ಗೋಡೆಗೆ ಹೋಯಿತು, ಬೀಟ್‌ರೂಟೆಲ್ಲ ಟ್ಯೂಬಣ್ಣನಿಗೆ ಬಂತು. ಪುಣ್ಯಕ್ಕೆ ಒಂದು ಚೂರೂ ತಾಗಲಿಲ್ಲ. ಆದರೆ ತಲೆಯಿಂದ ಸೊಂಟದವರೆಗೆ ಕೆಂಪು ನೀರು. ಕಣ್ಣಿಗೆ ಉಪ್ಪು ಹೋಗಿ ಏನೂ ಕಾಣಿಸದೆ, ಎರಡೂ ಕೈ ಮುಂದೆ ಚಾಚಿ, “ಅಯ್ಯಯ್ಯೋ” ಎನ್ನುತ್ತಾ ಅವನು ಬಾಗಿಲಿನಿಂದ ಬೀದಿಗೆ ಬಂದ. ಹಿಂದೆಯೇ ಅತ್ತೆ ಬಂದಳು. ಅವಳ ಕೈಯಲ್ಲಿ ಆ ಖಾಲಿ ಜಾಡಿ ಇನ್ನೂ ಇತ್ತು.

ಟೀಚರಮ್ಮನ ಕೈಯಿಂದ ಬೆಡ್‌ಶೀಟು ಜಾರಿತು. “ಒಡೆದೇಬಿಟ್ಟಳು!”

ಬೀದಿ ಸೇರಲು ಎಷ್ಟು ಹೊತ್ತು ಬೇಕು? ಡಿಪೋ ಮೇನೇಜರು ಅರ್ಧ ಶೇವು ಮಾಡಿಕೊಂಡ ಮುಖದಲ್ಲೇ ಓಡಿ ಬಂದ. ಮೂಲೆಮನೆಯ ಕಾಂಪೌಂಡರು ಬ್ಯಾಂಡೇಜಿನ ಸುರುಳಿ ಹಿಡಿದು ಬಂದ; ಆ ಬೀದಿಯಲ್ಲಿ ಯಾರೂ ಬೀಳದೆ ಏಳದೆ ಅವನ ಬ್ಯಾಂಡೇಜೆಲ್ಲ ಹಳದಿಯಾಗುತ್ತಿತ್ತು. ಟ್ಯೂಬಣ್ಣನನ್ನು ಮೆಟ್ಟಿಲ ಮೇಲೆ ಕೂರಿಸಿದರು.

“ಗಾಯ ಎಲ್ಲಿದೆ?” ಎಂದು ಮೇನೇಜರು ಕೇಳಿದ.

ಕಾಂಪೌಂಡರು ಕೂದಲು ಬಿಡಿಸಿ ಬಿಡಿಸಿ ನೋಡಿದ. “ಮೇಲೆ ಕಾಣಿಸ್ತಿಲ್ಲ. ಹಾಗಾದ್ರೆ ಒಳಗೆ ಆಗಿದೆ. ಅದೇ ಅಪಾಯ.” ಹತ್ತಿರ ಬಗ್ಗಿ ಮೂಸಿದ. ಮುಖ ಬಿಳುಪೇರಿತು. “ರಕ್ತ ಹುಳಿ ವಾಸನೆ ಹೊಡೀತಿದೆ! ಇಂಥ ಕೇಸು ನಾನು ನೋಡೇ ಇಲ್ಲ.”

“ಒಳಗಾಯವಾ?” ಎಂದ ಟ್ಯೂಬಣ್ಣ ಕ್ಷೀಣ ಸ್ವರದಲ್ಲಿ. ಈವರೆಗೆ ತನಗೇನೂ ಆಗಿಲ್ಲ ಎಂದುಕೊಂಡಿದ್ದ. ತಿಳಿದವರು ಹೇಳಿದ ಮೇಲೆ ತಲೆ ನಿಜವಾಗಿಯೂ ತಿರುಗತೊಡಗಿತು. ಕಾಂಪೌಂಡರು ಸುರುಳಿಯೆಲ್ಲ ಖರ್ಚು ಮಾಡಿ, ಒಂದು ಕಣ್ಣು ಮತ್ತು ಬಾಯಿ ಮಾತ್ರ ಬಿಟ್ಟು, ಉಳಿದದ್ದನ್ನೆಲ್ಲ ಸುತ್ತಿದ.

“ಏನು ಕುಣಿತ ಇದು?” ಎಂದಳು ಅತ್ತೆ. “ಅದು ಬೀಟ್‌ರೂಟು! ಜಾಡಿ ಒಡೀತು. ಇವರು ಅದಕ್ಕೆ ಪಂಪಿನಲ್ಲಿ ಗಾಳಿ ಹೊಡೆದಿದ್ದರು.”

ಜನ ಒಬ್ಬರ ಮುಖ ಒಬ್ಬರು ನೋಡಿದರು.

“ಅಮ್ಮಾ,” ಎಂದಳು ಟೀಚರಮ್ಮ, ದಡ್ಡ ಮಗುವಿನ ಜೊತೆ ಮಾತಾಡುವ ದನಿಯಲ್ಲಿ, “ಬೀಟ್‌ರೂಟಿಗೆ ಯಾರಾದ್ರೂ ಗಾಳಿ ಹೊಡೀತಾರಾ?”

“ನಾನೂ ಅದನ್ನೇ ಕೇಳಿದ್ದು!”

“ನೀವು ಕೇಳಿದ್ದು ಬೇರೆ. ತಲೆ ಒಡೀಬೇಕು ಅಂದಿರಿ. ನನ್ನ ಕಿವಿಯಾರೆ ಕೇಳಿದೆ.”

ಹೆಂಡತಿ ಅಡುಗೆಮನೆಯಿಂದ ಓಡಿ ಬಂದು ತಾಯಿಯ ಮುಂದೆ ನಿಂತಳು. “ಅಮ್ಮ ಹೇಳ್ತಿರೋದು ನಿಜ. ಇವರಿಗೆ ಗಾಳಿ ಹೊಡೆಯೋ ಚಟ.”

“ಮಗಳಲ್ವಾ, ತಾಯಿ ಕಡೆ ಮಾತಾಡ್ತಾಳೆ,” ಎಂದು ಯಾರೋ ಗೊಣಗಿದರು. ಮಗಳು ನಿಜ ಹೇಳಿದರೆ ತಾಯಿಗಾಗಿ ಸುಳ್ಳು, ಸುಮ್ಮನಿದ್ದರೆ ಒಪ್ಪಿಕೊಂಡ ಹಾಗೆ. ಬೀದಿಯ ನ್ಯಾಯದಲ್ಲಿ ಮೂರನೆಯ ದಾರಿ ಇಲ್ಲ.

ಅಷ್ಟರಲ್ಲಿ ಪೊಲೀಸ್ ಪೇದೆ ಬಂದ. ಉಗ್ರಾಣಕ್ಕೆ ಇಣುಕಿ, ನೆಲವೆಲ್ಲ ಕೆಂಪಗಿರುವುದು ನೋಡಿ, ಹೋದದ್ದಕ್ಕಿಂತ ವೇಗವಾಗಿ ಹೊರಗೆ ಬಂದ. ಹೊಸ್ತಿಲ ಹತ್ತಿರ ಬಿದ್ದಿದ್ದ ಒಂದು ಮುಚ್ಚಳವನ್ನು ಕರವಸ್ತ್ರದಲ್ಲಿ ಎತ್ತಿ ಹಿಡಿದ. ಮೇಲೆ ವಾಲ್ವು ಚಾಚಿಕೊಂಡಿತ್ತು.

“ಇದೇನಮ್ಮಾ?”

“ಇವರನ್ನೇ ಕೇಳಿ. ಇವರೇ ಹಾಕಿದ್ದು.”

“ಹಿಡಿಕೆ ಇದು,” ಎಂದು ಟೀಚರಮ್ಮ ವಿವರಿಸಿದಳು. “ಹಿಡಿದು ಬೀಸೋಕೆ ಅನುಕೂಲ.”

“ಹಿಡಿಕೆ ಬೇರೆ ಮಾಡಿಸಿಕೊಂಡಿದ್ದಾರಾ!” ಪೇದೆ ಬೆಚ್ಚಿಬಿದ್ದು ಎರಡು ಹೆಜ್ಜೆ ಹಿಂದೆ ಸರಿದ. “ಹಾಗಾದ್ರೆ ಇದು ದಿಢೀರ್ ಕೋಪ ಅಲ್ಲ. ಬಹಳ ದಿನದ ತಯಾರಿ.”

“ರೀ!” ಹೆಂಡತಿ ಟ್ಯೂಬಣ್ಣನ ಭುಜ ಹಿಡಿದು ಅಲ್ಲಾಡಿಸಿದಳು. “ಬಾಯಿ ಬಿಡಿ! ಗಾಳಿ ಹೊಡೆದದ್ದು ನಾನು, ಜಾಡಿ ತಾನಾಗಿ ಒಡೀತು ಅನ್ನಿ. ಒಂದು ಮಾತು. ಇಲ್ಲದಿದ್ರೆ ಅಮ್ಮ ಇಲ್ಲಿ ನಿಲ್ಲೋದಿಲ್ಲ. ನನಗೆ ಗೊತ್ತು ಅವಳು.”

ಎಲ್ಲರೂ ಬ್ಯಾಂಡೇಜಿನ ಕಡೆ ತಿರುಗಿದರು. ಟ್ಯೂಬಣ್ಣ ಬಾಯಿ ತೆರೆದ. ಹೇಳುವವನೇ ಇದ್ದ. ಸುಳ್ಳು ಹೇಳುವ ಜಾಣತನ ಅವನಿಗಿರಲಿಲ್ಲ. ಆದರೆ ಆ ಕ್ಷಣಕ್ಕೆ ಸರಿಯಾಗಿ ಡಿಪೋ ಮೇನೇಜರು ಅವನ ಬೆನ್ನ ಮೇಲೆ ಕೈ ಇಟ್ಟ.

“ಎಂಥ ಮನುಷ್ಯ ಇವನು, ಗೊತ್ತೇನ್ರೀ?” ಎಂದು ಜನರಿಗೆ ಹೇಳಿದ. “ನಮ್ಮ ಡಿಪೋದ ಅಷ್ಟೂ ಬಸ್ಸಿನ ಟ್ಯೂಬು ಇನ್ನು ಮೇಲೆ ಇವನ ಕೈಗೇ. ನಿನ್ನೆ ತಾನೇ ತೀರ್ಮಾನ ಮಾಡಿದೆ. ಯಾಕೆ? ಇವನು ಮುಚ್ಚಿದ್ದು ಈವತ್ತಿನವರೆಗೆ ಒಡೆದಿಲ್ಲ. ಇಂಥವನಿಗೆ ಈ ಗತಿ!”

ಟ್ಯೂಬಣ್ಣನ ಬಾಯಿ ಹಾಗೇ ತೆರೆದು ನಿಂತಿತು. ಮುಚ್ಚಿದ್ದು ಒಡೆದಿದೆ, ಅದೂ ನನ್ನ ಮುಖದ ಮೇಲೇ ಒಡೆದಿದೆ ಎಂದು ಈಗ ಹೇಳುವುದು ಹೇಗೆ? ಒಂದು ಕಡೆ ಅತ್ತೆ, ಒಂದು ಕಡೆ ಬೋರ್ಡು. ಅವನ ಒಂಟಿ ಕಣ್ಣು ಇತ್ತ ಅತ್ತ ಓಡಾಡಿ ದಣಿಯಿತು.

“ಹೇಳಿ ಅಳಿಯಂದಿರೇ,” ಎಂದಳು ಅತ್ತೆ. ಈಗ ಅವಳ ದನಿಯಲ್ಲಿ ಕೋಪವಿರಲಿಲ್ಲ. “ನಡೆದದ್ದು ನಡೆದ ಹಾಗೆ ಹೇಳಿ. ನಾನೇನೂ ಅಂದುಕೊಳ್ಳೋದಿಲ್ಲ.”

ಟ್ಯೂಬಣ್ಣ ಬ್ಯಾಂಡೇಜು ಸರಿಮಾಡಿಕೊಂಡ. ಅತ್ತೆಗೂ ನೋವಾಗಬಾರದು, ಬೋರ್ಡಿಗೂ ಮಸಿ ಬಳಿಯಬಾರದು, ಅಂಥ ಒಂದು ಮಾತು ಹುಡುಕಿದ. ಪೆದ್ದನಿಗೆ ಹುಡುಕಿದ ಮಾತು ಸಿಗಬಾರದು, ಸಿಕ್ಕಿತು.

“ಏನೋ ಆಗಿದ್ದು ಆಗಿಹೋಯ್ತು. ನನಗೆ ಯಾರ ಮೇಲೂ ದೂರಿಲ್ಲ,” ಎಂದ. ಜನ ಉಸಿರು ಬಿಗಿಹಿಡಿದು ಕೇಳುತ್ತಿರುವುದು ಕಂಡು ಇನ್ನೂ ಒಂದು ಸೇರಿಸಿದ. “ನಾನು ಅತ್ತೆಯನ್ನ ಕ್ಷಮಿಸಿಬಿಟ್ಟಿದ್ದೀನಿ.”

ಬೀದಿ ಒಂದೇ ಉಸಿರಿಗೆ “ಆಹಾ!” ಎಂದಿತು. ಟೀಚರಮ್ಮ ಸೆರಗಿನಲ್ಲಿ ಕಣ್ಣು ಒತ್ತಿಕೊಂಡಳು. ಮೇನೇಜರನ ಶೇವಾಗದ ಕೆನ್ನೆಯ ಮೇಲೆ ನೀರು ಇಳಿಯಿತು. “ದೇವರಂಥ ಅಳಿಯ,” ಎಂದ ಪೇದೆ, ಮುಚ್ಚಳವನ್ನು ಜೋಪಾನವಾಗಿ ಕೆಳಗಿಟ್ಟು. “ನಮ್ಮ ಮನೆಯಲ್ಲಾಗಿದ್ದರೆ ನಾನು ಬಿಡ್ತಿರಲಿಲ್ಲ.”

ಅತ್ತೆ ಮಾತ್ರ ಅಲ್ಲಾಡಲಿಲ್ಲ. ಕೆನ್ನೆಗೆ ಹೊಡೆಸಿಕೊಂಡವಳ ಹಾಗೆ ನಿಂತಳು. ಮದುವೆಯಾದಾಗಿನಿಂದ ಅಳಿಯನನ್ನು ಬಹುವಚನ ಬಿಟ್ಟು ಕರೆದವಳಲ್ಲ. ತಲೆ ಒಡೀಬೇಕು ಎಂದಾಗಲೂ “ನಿಮ್ಮ ತಲೆ” ಎಂದೇ ಅಂದಿದ್ದಳು.

“ಕ್ಷಮಿಸಿದ್ಯಾ?” ಎಂದಳು. “ನೀನು? ನನ್ನನ್ನ?”

ಹೆಂಡತಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

ಅತ್ತೆ ಖಾಲಿ ಜಾಡಿಯನ್ನು ಟ್ಯೂಬಣ್ಣನ ತೊಡೆಯ ಮೇಲೆ ಇಟ್ಟಳು. ಪೇದೆ ಹೆದರಿ ಕಣ್ಣು ಮುಚ್ಚಿದ. ಅವಳು ಸೊಂಟಕ್ಕೆ ಕಟ್ಟಿದ್ದ ಒದ್ದೆ ಕೈಬಟ್ಟೆ ಬಿಚ್ಚಿ, ಕೈ ಒರೆಸಿ, ಅದನ್ನು ಮಡಿಸಿ ಕಟ್ಟೆಯ ಮೇಲಿಟ್ಟಳು. ಮಗಳ ತಲೆ ಸವರಿದಳು. ಮೆಟ್ಟಿಲಿಳಿದು ಡಿಪೋ ಕಡೆ ನಡೆದಳು. ಜನ ಎರಡು ಸಾಲಾಗಿ ದಾರಿ ಬಿಟ್ಟರು; ಕೆಲವರು ತಲೆಯ ಮೇಲೆ ಕೈ ಇಟ್ಟುಕೊಂಡು ಬಿಟ್ಟರು.

“ಅಮ್ಮಾ!” ಎಂದು ಕೂಗಿದ ಮಗಳು ಗಂಡನ ಕಡೆ ತಿರುಗಿದಳು. ಬರೀ ನೋಡಿದಳು. ಆ ನೋಟಕ್ಕೆ ಟ್ಯೂಬಣ್ಣ ಮುಚ್ಚಿದ್ದೆಲ್ಲ ಬಿಚ್ಚಿಕೊಂಡಿತು.

ಜಾಡಿ ಉರುಳಿಸಿ ಎದ್ದು ಓಡಿದ. “ಅತ್ತೆ! ನಿಲ್ಲಿ ಅತ್ತೆ! ಕೇಳ್ರಪ್ಪಾ ಎಲ್ಲರೂ! ಗಾಳಿ ಹೊಡೆದದ್ದು ನಾನೇ! ಬೀನ್ಸಿಗೆ ಹೊಡೆದೆ, ಕ್ಯಾರೆಟ್ಟಿಗೆ ಹೊಡೆದೆ, ಹೂಕೋಸಿಗೂ ಹೊಡೆದೆ! ವಾಲ್ವು ಹಾಕಿ ಹೊಡೆದೆ! ನನ್ನ ಪ್ಯಾಚೇ ಒಡೆದದ್ದು! ನನಗೆ ಏನೂ ಆಗಿಲ್ಲ!”

ಬೀದಿಯ ಮುಖದಲ್ಲಿದ್ದ ಕರುಣೆ ಭಯವಾಯಿತು.

“ಏರಿತು,” ಎಂದ ಕಾಂಪೌಂಡರು. “ಏಟು ಮಿದುಳಿಗೆ ಏರಿತು. ಹಿಡೀರಿ!”

“ಪಾಪ, ಹೂಕೋಸಿಗೆ ಗಾಳಿ ಹೊಡೆದೆ ಅಂತಿದ್ದಾನಲ್ರೀ,” ಎಂದು ಟೀಚರಮ್ಮ ಬಿಕ್ಕಿದಳು.

“ಪ್ಯಾಚು ಒಡೀತು ಅಂತಾನೆ!” ಮೇನೇಜರು ಹಣೆ ಚಚ್ಚಿಕೊಂಡ. “ಇವನ ಪ್ಯಾಚು! ಇನ್ನೇನು ಉಳೀತು ಈ ಮನುಷ್ಯನಲ್ಲಿ?”

ಅವನು ನಿಜ ಹೇಳಿದಷ್ಟೂ ಹುಚ್ಚು ಖಚಿತವಾಯಿತು. ಹುಚ್ಚು ಖಚಿತವಾದಷ್ಟೂ ಅವನು ಜೋರಾಗಿ ನಿಜ ಹೇಳಿದ. ಪೇದೆ ಸೊಂಟ ಹಿಡಿದ, ಕಾಂಪೌಂಡರು ಕಾಲು ಹಿಡಿದ, ಮೇನೇಜರು ಬ್ಯಾಂಡೇಜಿನ ತುದಿ ಹಿಡಿದ. ಟ್ಯೂಬಣ್ಣ ಓಡಲು ನೋಡಿದಷ್ಟೂ ಬ್ಯಾಂಡೇಜು ಬಿಚ್ಚುತ್ತಾ ಹೋಗಿ ಅವನು ಬೀದಿಯ ನಡುವೆ ಬುಗುರಿಯಾದ. ತಿರುಗುವಾಗಲೂ “ಗಾಳಿ! ಗಾಳಿ!” ಎನ್ನುತ್ತಿದ್ದ. “ಗಾಳಿ ಬಿಡ್ರಪ್ಪಾ, ಉಸಿರು ಕಟ್ತಿದೆ ಅವನಿಗೆ,” ಎಂದು ಯಾರೋ ಬೀಸಣಿಗೆ ತರಲು ಓಡಿದರು.

ಡಿಪೋದ ಗೇಟಿನಲ್ಲಿ ಪಕ್ಕದ ಊರಿಗೆ, ಅಂದರೆ ಕಿರಿಯಳ ಊರಿಗೆ, ಹೋಗುವ ಬಸ್ಸು ಹೊರಟು ನಿಂತಿತ್ತು. ಅತ್ತೆ ಹತ್ತಿ ಕಿಟಕಿಯ ಪಕ್ಕ ಕೂತಳು. ಅಳಿಯ ಕೂಗಿದ್ದು ಅವಳಿಗೆ ಕೇಳಿಸದೆ ಇರಲು ಸಾಧ್ಯವಿಲ್ಲ. ಬಸ್ಸಿನಲ್ಲಿದ್ದವರೆಲ್ಲ ಎದ್ದು ನಿಂತು ನೋಡುತ್ತಿದ್ದರು. ಅವಳು ಮುಂದೆ ನೋಡುತ್ತಿದ್ದಳು.

“ಅಜ್ಜೀ, ನಿಮ್ಮವರು ಯಾರೋ ಕರೀತಿದ್ದಾರೆ,” ಎಂದ ಕಂಡಕ್ಟರು.

“ನಮ್ಮವರಲ್ಲ. ಹೊರಡಪ್ಪ.”

ಬಸ್ಸು ಹೊರಟಿತು. ಅದು ಬೀದಿಯ ತಿರುವು ಮುಟ್ಟಿತೋ ಇಲ್ಲವೋ, ಟ್ಯೂಬಣ್ಣನ ಉಗ್ರಾಣದಲ್ಲಿ ‘ಢಮಾರ್’ ಎಂದಿತು. ಕ್ಯಾರೆಟ್ಟು ಕಿಟಕಿಯಿಂದ ಹೊರಗೆ ಬಂತು. ಹಿಂದೆಯೇ ಹೂಕೋಸು. ಆಮೇಲೆ ಬಿಸಿಲಲ್ಲಿ ಹಸಿರಾಗಿ ಮಿಂಚುತ್ತಾ ಬೀನ್ಸು, ಒಂದಾದ ಮೇಲೊಂದು ಜಾಡಿ, ಢಮ್ ಢಮ್ ಎಂದು. ಬೀದಿಗೆ ಬೀದಿಯೇ ನೆಲ ಕಚ್ಚಿತು. ಪೇದೆ ಟೀಚರಮ್ಮನ ಬೆಡ್‌ಶೀಟಿನ ಕೆಳಗೆ ಸೇರಿಕೊಂಡ.

ಸದ್ದು ನಿಂತ ಮೇಲೆ ಒಬ್ಬೊಬ್ಬರೇ ತಲೆ ಎತ್ತಿದರು. ಒಡೆದವಳು ಬಸ್ಸಿನಲ್ಲಿದ್ದಾಳೆ, ಒಡೆಯುತ್ತಿದ್ದದ್ದು ಮನೆಯಲ್ಲಿ. ಇದು ಅರ್ಥವಾಗಲು ಬೀದಿಗೆ ತುಸು ಹೊತ್ತು ಹಿಡಿಯಿತು. ಮೇನೇಜರು ಪಾದದ ಹತ್ತಿರ ಬಂದು ಬಿದ್ದಿದ್ದ ವಾಲ್ವನ್ನು ಎತ್ತಿ ನೋಡಿದ, ಟ್ಯೂಬಣ್ಣನ ಮುಖ ನೋಡಿದ, ಉಳಿದರ್ಧ ಶೇವು ಮಾಡಿಕೊಳ್ಳಲು ಹೊರಟುಹೋದ. ಟೀಚರಮ್ಮ ಕೂದಲಿನಿಂದ ಬೀನ್ಸು ತೆಗೆದು, ತಿಳಿಯದೆಯೇ ಬಾಯಿಗೆ ಹಾಕಿಕೊಂಡಳು. ಕಟಕ್ಕೆಂದಿತು. ಆ ಸದ್ದಿಗೆ ಅವಳೇ ಬೆಚ್ಚಿದಳು.

“ಯಾರಾದರೂ ಓಡಿ, ಬಸ್ಸು ನಿಲ್ಲಿಸಿ, ಆ ತಾಯಿಯನ್ನ ಕರ್ಕೊಂಡು ಬನ್ನಿ!” ಎಂದ ಕಾಂಪೌಂಡರು. ಎಲ್ಲರೂ ಒಬ್ಬರನ್ನೊಬ್ಬರು ನೋಡಿದರು. ಯಾವ ಮುಖ ಹೊತ್ತು ಓಡುವುದು? ತಿರುವಿನಲ್ಲಿ ಬರೀ ಧೂಳಿತ್ತು.

ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. “ಬರ್ತಾಳೆ. ಕೋಪ ಇಳಿದ ಮೇಲೆ ಬರ್ತಾಳೆ,” ಎಂದಳು, ಗಂಡನಿಗಲ್ಲ, ಬೀದಿಗೆ.

ಕೋಪ ಇಳಿದಿರಬಹುದು. ಅತ್ತೆ ಬರಲಿಲ್ಲ.